ಕಾಲೇಜಿನ ಬಾಗಿಲನ್ನು ಹೈಸ್ಕೂಲಿನಲ್ಲೇ ತಟ್ಟಿ

(ಸಂಸ್ಥೆಯ ಪ್ರತಿಭಾ ಪುರಸ್ಕಾರ ಸಮಾರಂಭದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)



ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ಪಡೆದ ಮಕ್ಕಳಿಗೆ ಅಭಿನಂದನೆ ಹೇಳಿ ನಾನು ಕುಳಿತುಕೊಳ್ಳಬಹುದಿತ್ತು. ಆದರೆ ಮೂವತ್ತು ವರ್ಷ ಪಿಯುಸಿ ಮಕ್ಕಳಿಗೆ ಪಾಠ ಹೇಳಿದವನು ನಾನು. ಜೂನ್ ತಿಂಗಳಲ್ಲಿ ತುಂಬಿ ತುಳುಕುವ ತರಗತಿ ದಸರಾ ರಜೆ ಮುಗಿಯುವ ಹೊತ್ತಿಗೆ ತೆಳ್ಳಗಾಗುವುದನ್ನು ಪ್ರತಿ ವರ್ಷ ಕಣ್ಣಾರೆ ಕಂಡಿದ್ದೇನೆ. ಹಾಗೆ ಎದ್ದು ಹೋದವರಲ್ಲಿ ಇಂಥದ್ದೇ ವೇದಿಕೆಯಲ್ಲಿ ಬಹುಮಾನ ಪಡೆದವರೂ ಇದ್ದರು.

ಅಂಥ ಒಬ್ಬ ಹುಡುಗನ ನೆನಪು ನನಗೆ ಇಂದಿಗೂ ಇದೆ. ಅವನ ತಂದೆ ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುತ್ತಿದ್ದರು. ಹುಡುಗ ಪ್ರಥಮ ದರ್ಜೆಯಲ್ಲಿ ಪಾಸಾಗಿ ವಿಜ್ಞಾನ ವಿಭಾಗಕ್ಕೆ ಸೇರಿದ. ಮೂರು ತಿಂಗಳು ಹಿಂದಿನ ಬೆಂಚಿನಲ್ಲಿ ಮಾತಿಲ್ಲದೆ ಕುಳಿತ. ನಾಲ್ಕನೇ ತಿಂಗಳು ಬರಲಿಲ್ಲ. ಕೆಲವು ವರ್ಷಗಳ ನಂತರ ಹರಿಹರದ ಬಸ್ಸಿನಲ್ಲಿ ಸಿಕ್ಕಾಗ, ಗ್ಯಾರೇಜಿನ ಎಣ್ಣೆ ಮೆತ್ತಿದ ಕೈಯನ್ನು ಹಿಂದೆ ಮರೆಮಾಡಿಕೊಂಡು ಹೇಳಿದ: "ಸರ್, ನನಗೆ ಪಾಠ ಕಷ್ಟ ಆಗಲಿಲ್ಲ. ಅಲ್ಲಿ ಏನು ನಡೀತಿದೆ ಅಂತಾನೇ ಗೊತ್ತಾಗಲಿಲ್ಲ."

ಈ ಮಾತನ್ನು ನೀವು ಗಮನಿಸಬೇಕು. ಅವನು ದಡ್ಡನಾಗಿರಲಿಲ್ಲ. ಆದರೆ ಕಾಲೇಜಿನ ಪಾಠ ಹೇಗಿರುತ್ತದೆ ಎಂಬುದನ್ನು ಕಾಲೇಜಿಗೆ ಸೇರುವ ಮೊದಲು ಅವನು ಒಂದು ದಿನವೂ ನೋಡಿರಲಿಲ್ಲ. ಕನ್ನಡ ಶಾಲೆಯಲ್ಲಿ 'ದ್ಯುತಿಸಂಶ್ಲೇಷಣೆ' ಎಂದು ಕಲಿತ ಮಗು, ಉರ್ದು ಶಾಲೆಯಲ್ಲಿ 'ಜಿಯಾಯಿ ತಾಲೀಫ್' ಎಂದು ಕಲಿತ ಮಗು, ಎರಡೇ ತಿಂಗಳ ರಜೆಯ ನಂತರ 'ಫೋಟೋಸಿಂಥೆಸಿಸ್' ಎಂಬ ಶಬ್ದದ ಮುಂದೆ ಕಕ್ಕಾಬಿಕ್ಕಿಯಾಗಿ ನಿಲ್ಲುತ್ತದೆ. ವಿಷಯ ಅದೇ, ಮಗು ಅದೇ. ನಡುವೆ ಒಂದು ಗೋಡೆ ಎದ್ದಿರುತ್ತದೆ.

ನಮ್ಮ ರಾಜ್ಯದಲ್ಲಿ ಈ ಗೋಡೆ ಬೇಗನೆ ಎದುರಾಗುತ್ತದೆ. ದೇಶದ ಅನೇಕ ಕಡೆ ಹನ್ನೊಂದು ಮತ್ತು ಹನ್ನೆರಡನೇ ತರಗತಿಗಳು ಶಾಲೆಯಲ್ಲಿಯೇ ನಡೆಯುತ್ತವೆ. ನಾವು ಅದನ್ನು ಪಿಯುಸಿ ಎಂದು ಕರೆದು, ಹದಿನಾರರ ಮಗುವನ್ನು ಬೇರೆ ಕಟ್ಟಡಕ್ಕೆ, ಬೇರೆ ಭಾಷೆಗೆ ಒಮ್ಮೆಲೇ ಕಳುಹಿಸುತ್ತೇವೆ.

ಅಮೆರಿಕದಲ್ಲಿ 1950ರ ದಶಕದಿಂದಲೂ ಒಂದು ವ್ಯವಸ್ಥೆ ಇದೆ. 'ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್' ಎಂಬ ಹೆಸರಿನಲ್ಲಿ ಹೈಸ್ಕೂಲು ವಿದ್ಯಾರ್ಥಿಗಳೇ ಕಾಲೇಜು ಮಟ್ಟದ ಒಂದೆರಡು ವಿಷಯಗಳನ್ನು ಓದುತ್ತಾರೆ. ಮೇ ತಿಂಗಳಲ್ಲಿ ಪರೀಕ್ಷೆ, 1ರಿಂದ 5ರವರೆಗೆ ಅಂಕ. 3 ಅಥವಾ ಹೆಚ್ಚು ಬಂದರೆ ಅನೇಕ ಕಾಲೇಜುಗಳು ಆ ವಿಷಯವನ್ನು ಓದಿ ಮುಗಿಸಿದಂತೆ ಲೆಕ್ಕ ಹಿಡಿಯುತ್ತವೆ. ಶುಲ್ಕವೂ ಸಮಯವೂ ಉಳಿಯುತ್ತದೆ. ನಮ್ಮಲ್ಲಿ ಹಾಗೆ ಲೆಕ್ಕಕ್ಕೆ ಬರುವುದಿಲ್ಲ. 2023ರಲ್ಲಿ ಕೇಂದ್ರ ಪ್ರಕಟಿಸಿದ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ಶಾಲೆಯ ಕಲಿಕೆಯನ್ನೂ ಕ್ರೆಡಿಟ್ ಲೆಕ್ಕಕ್ಕೆ ತರುವ ಮಾತನಾಡಿದೆ ನಿಜ; ಅದನ್ನು ನಂಬಿಕೊಂಡು ಕುಳಿತುಕೊಳ್ಳಬೇಡಿ. ಆದರೆ ಕ್ರೆಡಿಟ್ ಸಿಗದಿದ್ದರೂ ಲಾಭ ಸಿಗುತ್ತದೆ ಎಂಬುದೇ ನನ್ನ ಇಂದಿನ ಮಾತು.

ಮೊದಲನೆಯ ಲಾಭ, ಭಯ ಹೋಗುವುದು. ಒಮ್ಮೆ ನೋಡಿದ ದಾರಿ ಕತ್ತಲಲ್ಲೂ ಅಷ್ಟು ಹೆದರಿಸುವುದಿಲ್ಲ. ಎರಡನೆಯದು, ಸರಿಯಾದ ಆಯ್ಕೆ. ಗೆಳೆಯ ಸೇರಿದ ಎಂದು ವಿಜ್ಞಾನಕ್ಕೆ ಸೇರಿ ಒಂದು ವರ್ಷ ಕಳೆದುಕೊಂಡರೆ, ಅನುಕೂಲಸ್ಥರ ಮನೆಗೆ ಅದು ಬರೀ ಒಂದು ವರ್ಷ. ದಿನಗೂಲಿಯ ಮನೆಗೆ ಅದೇ ಓದಿನ ಕೊನೆ. ಮೂರನೆಯದು, ತಾನಾಗಿ ಓದುವ ಅಭ್ಯಾಸ. ಕಾಲೇಜಿನಲ್ಲಿ ಯಾರೂ ನೋಟ್ಸ್ ಬರೆಸಿ ಬಾಯಿಪಾಠ ಒಪ್ಪಿಸಿಕೊಳ್ಳುವುದಿಲ್ಲ.

"ಇದೆಲ್ಲ ಬೆಂಗಳೂರಿನವರಿಗೆ" ಎಂದು ನೀವು ಹೇಳಬಹುದು. ಅಲ್ಲ. ಎಸ್ಸೆಸ್ಸೆಲ್ಸಿ ಆದ ಕೂಡಲೇ ಮೂರು ವರ್ಷದ ಪಾಲಿಟೆಕ್ನಿಕ್ ಡಿಪ್ಲೊಮಾಗೆ ಸೇರುವ ದಾರಿ ದಾವಣಗೆರೆಯಲ್ಲಿಯೇ ಇದೆ. ಅಲ್ಲಿ ಹದಿನಾರು ವರ್ಷದವರೇ ವೃತ್ತಿಯ ವಿಷಯಗಳನ್ನು ಓದುತ್ತಾರೆ. ಮುಂದೆ ಡಿಪ್ಲೊಮಾ ಸಿಇಟಿ ಬರೆದು ನೇರವಾಗಿ ಎರಡನೇ ವರ್ಷದ ಎಂಜಿನಿಯರಿಂಗ್‌ಗೆ ಸೇರಬಹುದು. ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ 2003ರಲ್ಲಿ ಆರಂಭಿಸಿದ ಎನ್‌ಪಿಟಿಇಎಲ್ ಪಾಠಗಳನ್ನು ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ಪ್ರಮಾಣಪತ್ರದ ಪರೀಕ್ಷೆಗೆ ಮಾತ್ರ ಶುಲ್ಕ. ಕೆಲವು ಪಾಠಗಳ ಬರಹ ಕನ್ನಡದಲ್ಲೂ ಸಿಗುತ್ತದೆ. 2017ರಲ್ಲಿ ಬಂದ 'ಸ್ವಯಂ' ಜಾಲತಾಣದಲ್ಲಿ ಒಂಬತ್ತನೇ ತರಗತಿಯಿಂದ ಸ್ನಾತಕೋತ್ತರದವರೆಗೆ ಪಾಠಗಳಿವೆ. ಮದ್ರಾಸ್ ಐಐಟಿ 2020ರಲ್ಲಿ ಆರಂಭಿಸಿದ ಡೇಟಾ ಸೈನ್ಸ್ ಆನ್‌ಲೈನ್ ಪದವಿಗೆ ಜೆಇಇ ಬೇಕಿಲ್ಲ. ಪ್ರಥಮ ಪಿಯುಸಿ ಮುಗಿಸಿದವರೇ ನಾಲ್ಕು ವಾರದ ಪಾಠ ಓದಿ ಅರ್ಹತಾ ಪರೀಕ್ಷೆ ಬರೆದು, ದ್ವಿತೀಯ ಪಿಯುಸಿ ನಂತರ ಸೇರಬಹುದು. ಕಲಾ, ವಾಣಿಜ್ಯ ವಿಭಾಗದವರಿಗೂ ಅವಕಾಶವಿದೆ.

ಇದು ಯಾಕೆ ಅಗತ್ಯ? ಹರಿಹರದ ಹಿರಿಯರನ್ನು ಕೇಳಿ. 1941ರಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಇದ್ದಾಗ, ಹತ್ತನೆಯದೋ ಐಟಿಐಯೋ ಮುಗಿಸಿದವನು ಕೈಕೆಲಸ ಕಲಿತು ಸಂಸಾರ ನಡೆಸಿದ. ದಾವಣಗೆರೆಯ ಹತ್ತಿ ಗಿರಣಿಗಳೂ ಹಾಗೆಯೇ ಎಷ್ಟೋ ಮನೆಗಳಿಗೆ ಅನ್ನ ಕೊಟ್ಟವು. ಆ ಕಾರ್ಖಾನೆ ಮುಚ್ಚಿ ಎರಡು ದಶಕ ದಾಟಿದೆ, ಗಿರಣಿಗಳ ಕಾಲವೂ ಮುಗಿದಿದೆ. ಹತ್ತನೇ ತರಗತಿಗೆ ಓದು ನಿಲ್ಲಿಸಿದ ಮಗುವಿಗೆ ಇಂದು ಉಳಿದಿರುವುದು ಭಟ್ಟಿ, ಗ್ಯಾರೇಜು, ಬೀಡಿ. ಆ ದುಡಿಮೆಯನ್ನು ನಾನು ಕೀಳು ಎನ್ನುತ್ತಿಲ್ಲ. ಆದರೆ ಬೇರೆ ದಾರಿಯನ್ನು ನೋಡಿದ ಮೇಲೆ ಅದನ್ನು ಆರಿಸಿಕೊಳ್ಳುವುದು ಬೇರೆ, ನೋಡದೆ ಅಲ್ಲಿಗೆ ಬೀಳುವುದು ಬೇರೆ.

ಎಚ್ಚರಿಕೆಯ ಮಾತನ್ನೂ ಹೇಳಬೇಕು. ಹತ್ತನೇ ತರಗತಿಯ ಪರೀಕ್ಷೆ ಎದುರಿಗಿರುವಾಗ ಮಗುವಿನ ತಲೆಯ ಮೇಲೆ ಇನ್ನೊಂದು ಹೊರೆ ಹೊರಿಸಬೇಡಿ. ಆನ್‌ಲೈನ್ ಪ್ರಮಾಣಪತ್ರ ಎಸ್ಸೆಸ್ಸೆಲ್ಸಿ ಅಂಕಗಳ ಜಾಗದಲ್ಲಿ ನಿಲ್ಲುವುದಿಲ್ಲ. ಸಾವಿರಾರು ರೂಪಾಯಿ ಕೇಳುವ ಆಕರ್ಷಕ ಜಾಹೀರಾತುಗಳಿಗೆ ಮರುಳಾಗಬೇಡಿ. ಒಂದು ವಿಷಯ, ದಿನಕ್ಕೆ ಎರಡು ಗಂಟೆ, ಪರೀಕ್ಷೆ ಮುಗಿದ ಮೇಲಿನ ಎರಡು ತಿಂಗಳು ಸಾಕು.

ಆ ಹುಡುಗನ ಕಥೆ ಅಲ್ಲಿಗೆ ಮುಗಿಯಲಿಲ್ಲ. ಒಂದು ಏಪ್ರಿಲ್ ತಿಂಗಳಲ್ಲಿ ತಂಗಿಯನ್ನು ಕರೆದುಕೊಂಡು ನಮ್ಮ ಮನೆಗೆ ಬಂದ. "ಸರ್, ನನಗಾಗಿದ್ದು ಇವಳಿಗಾಗಬಾರದು" ಎಂದ. ಅವಳಿಗೂ ಎಲ್ಲರಂತೆ ವಿಜ್ಞಾನವೇ ಬೇಕಿತ್ತು. ಎರಡು ವಾರ ಪ್ರಥಮ ಪಿಯುಸಿ ಭೌತಶಾಸ್ತ್ರ ಓದಿಸಿದೆ. ನಂತರ ಅಣ್ಣನ ಫೋನಿನಲ್ಲಿ ಪದವಿ ಮಟ್ಟದ ಲೆಕ್ಕಶಾಸ್ತ್ರದ ಪಾಠಗಳನ್ನು ನೋಡಲು ಹೇಳಿದೆ. ಮನೆಯಲ್ಲಿ ತಾಯಿ ಕಟ್ಟಿದ ಬೀಡಿಯ ಲೆಕ್ಕ ಬರೆದಿಡುತ್ತಿದ್ದವಳು ಅವಳೇ. ತಿಂಗಳ ನಂತರ "ಹೇಗಿತ್ತಮ್ಮ?" ಎಂದು ಕೇಳಿದೆ. "ಅರ್ಧ ತಿಳೀತು ಸರ್. ತಿಳಿಯದೆ ಇರೋ ಅರ್ಧ ಯಾವುದು ಅಂತಾನೂ ತಿಳೀತು" ಎಂದಳು. ಅವಳು ವಾಣಿಜ್ಯ ವಿಭಾಗಕ್ಕೆ ಸೇರಿದಳು. ದಸರಾ ರಜೆಯ ನಂತರವೂ ತರಗತಿಯಲ್ಲಿದ್ದಳು. ಇಷ್ಟೇ ಅವಳ ಸಾಧನೆ. ಆದರೆ ಅವಳ ಅಣ್ಣನಿಗೆ ಅಷ್ಟೂ ಸಾಧ್ಯವಾಗಿರಲಿಲ್ಲ.

ಆದ್ದರಿಂದ ಸಂಸ್ಥೆಯ ಪದಾಧಿಕಾರಿಗಳಲ್ಲಿ ನನ್ನ ವಿನಂತಿ: ಬೇಸಿಗೆ ರಜೆಯಲ್ಲಿ ನಿಮ್ಮ ಕಂಪ್ಯೂಟರ್ ಕೊಠಡಿಗೆ ಬೀಗ ಹಾಕಬೇಡಿ. ಹತ್ತು ಮಕ್ಕಳು, ಒಂದು ಪರದೆ, ಅರ್ಥವಾಗದ್ದನ್ನು ಕನ್ನಡದಲ್ಲೋ ಉರ್ದುವಿನಲ್ಲೋ ಬಿಡಿಸಿ ಹೇಳಲು ಒಬ್ಬ ಪದವಿ ವಿದ್ಯಾರ್ಥಿ ಇದ್ದರೆ ಸಾಕು. ಹರಿಹರದ ಮಕ್ಕಳಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಅಲ್ಲಿಯೇ ಒಂದು ಕೊಠಡಿ ಮಾಡಿಕೊಡಿ. ಹದಿನಾಲ್ಕು ಕಿಲೋಮೀಟರ್ ದೂರವೇ ಕೆಲವು ಮನೆಗಳಲ್ಲಿ ಬೇಡ ಎನ್ನಲು ನೆಪವಾಗುತ್ತದೆ.

ತಂದೆ-ತಾಯಂದಿರೇ, ಅಂದು ಸಭೆಗೆ ಬರಲಾಗದೆ ಇದನ್ನು ಮನೆಯಲ್ಲಿ ಓದುತ್ತಿರುವವರೇ, ಆ ಎರಡು ತಿಂಗಳು ಮಕ್ಕಳನ್ನು ದುಡಿಮೆಗೆ ಕಳುಹಿಸುವ ಅನಿವಾರ್ಯತೆ ನಿಮಗಿದ್ದರೆ ನಾನು ದೂಷಿಸಲಾರೆ. ದಿನದಲ್ಲಿ ಎರಡು ಗಂಟೆಯನ್ನು ಮಾತ್ರ ಅವರಿಗೆ ಬಿಟ್ಟುಕೊಡಿ. ವಿದ್ಯಾರ್ಥಿಗಳೇ, ಬಾಗಿಲು ತೆರೆಯುವವರೆಗೆ ಕಾಯಬೇಡಿ. ಈಗಲೇ ಹೋಗಿ ತಟ್ಟಿ.