ಕುಲುಮೆಯ ಕೊಡಲಿ

(ಶಿಕ್ಷಕರ ಸಭೆಯಲ್ಲಿ ಮಾಡಿದ ಭಾಷಣ)



ಕೊಡಲಿಯಂಥ ಒರಟು ವಸ್ತುವನ್ನು ಕುರಿತು ವಿದ್ಯಾವಂತರ ಸಭೆಯಲ್ಲಿ ಮಾತಾಡುವದೆಂದರೆ ಕೆಲವರಿಗೆ ನಗೆ ಬಂದೀತು. ಸಾಹಿತ್ಯ, ಸಂಗೀತ, ಶಿಲ್ಪ ಇವುಗಳನ್ನು ಕಲೆಯೆಂದು ಕರೆಯಲು ನಾವು ಕಲಿತಿರುವೆವು. ಬೇಲೂರಿನ ಮದನಿಕೆಯ ಮುಂದೆ ನಿಂತು ಕಲ್ಲುಕುಟಿಗನ ಕೈಯನ್ನು ಬಾಯ್ತುಂಬ ಹೊಗಳುತ್ತೇವೆ. ಆದರೆ ಆ ಕಲ್ಲುಕುಟಿಗನ ಉಳಿಯನ್ನು ಕಾಯಿಸಿ, ಬಡಿದು, ಹದಮಾಡಿ ಕೊಟ್ಟ ಕಮ್ಮಾರನು ಯಾರು, ಅವನ ವಿದ್ಯೆ ಎಂಥದು ಎಂದು ಕೇಳಿದವರು ನಮ್ಮಲ್ಲಿ ಎಷ್ಟು ಜನ? ಉಳಿಯು ಮೊಂಡಾಗಿದ್ದರೆ ಮದನಿಕೆಯು ಎಲ್ಲಿಯವಳು! ಅದಕ್ಕಾಗಿ ಈ ಹೊತ್ತು ಕಮ್ಮಾರನ ಕೆಲಸಗಳಲ್ಲಿ ಒಂದನ್ನೇ ಆರಿಸಿಕೊಂಡು ಅದರ ಒಳಗುಟ್ಟನ್ನು ತಮ್ಮ ಮುಂದೆ ಇಡಬೇಕೆಂದು ನಾವು ಬಂದಿರುವೆವು.

ನಮ್ಮ ಮಾತಾದರೂ ಕೊಡಲಿಗೆ ನ್ಯಾಯ ಮಾಡಿಲ್ಲ. ತನ್ನವರಿಗೇ ಕೇಡು ಬಗೆಯುವವನನ್ನು ಕಂಡರೆ “ಕೊಡಲಿ ಕಾವು ಕುಲಕ್ಕೆ ಮೃತ್ಯು” ಎನ್ನುತ್ತೇವೆ. ಒಳ್ಳೆಯ ಕಾರ್ಯವೊಂದು ಕೆಟ್ಟರೆ ಅದರ ಬುಡಕ್ಕೆ ಕೊಡಲಿ ಬಿತ್ತೆನ್ನುತ್ತೇವೆ. ಪುರಾಣದಲ್ಲಿಯೂ ಪರಶುವನ್ನು ಹಿಡಿದವನು ಕ್ಷತ್ರಿಯ ಕುಲವನ್ನು ಸವರಿದ ಭಾರ್ಗವನೇ. ಆದರೆ ಹೊಲಕ್ಕೆ ನೇಗಿಲು, ಮನೆಗೆ ತೊಲೆ, ಬಂಡಿಗೆ ಅಚ್ಚು, ಒಲೆಗೆ ಉರುವಲು ಇವೆಲ್ಲವೂ ಕೊಡಲಿಯ ಬಾಯಿಯಿಂದಲೇ ಬಂದವು. ಮನುಷ್ಯನು ಊರು ಕಟ್ಟಿ ನಿಂತ ಮೊದಲನೆಯ ದಿವಸದಿಂದ ಅದು ಅವನ ಸಂಗಡ ಇರುತ್ತದೆ.

ಇದಕ್ಕೆ ಸಾಕ್ಷಿ ನಮ್ಮ ನೆಲದಲ್ಲಿಯೇ ಉಂಟು. ಬಳ್ಳಾರಿಯ ಹತ್ತಿರದ ಸಂಗನಕಲ್ಲಿನ ಗುಡ್ಡಗಳಲ್ಲಿ, ಲೋಹವನ್ನೇ ಅರಿಯದ ಕಾಲದ ಜನರು ಕಪ್ಪು ಕಲ್ಲನ್ನು ಒಡೆದು, ಕೆತ್ತಿ, ಬಂಡೆಗೆ ತಿಕ್ಕಿ ನುಣುಪು ಮಾಡಿ ಕೊಡಲಿಗಳನ್ನು ತಯಾರಿಸುತ್ತಿದ್ದರು. ಹೀಗೆ ತಿಕ್ಕಿ ತಿಕ್ಕಿ ಬಂಡೆಗಳಲ್ಲಿ ಬಿದ್ದ ತಗ್ಗುಗಳನ್ನು ಅಲ್ಲಿ ಕಾಣಬಹುದು. ಮುಂದೆ ಕಬ್ಬಿಣದ ಕಾಲ ಬಂದಿತು. ತುಂಗಭದ್ರೆಯ ದಂಡೆಯ ಹಳ್ಳೂರಿನಲ್ಲಿ 1965ರಲ್ಲಿ ಡಾಕ್ಟರ್ ಎಂ. ಎಸ್. ನಾಗರಾಜರಾಯರು ಅಗೆತ ಮಾಡಿಸಿದಾಗ ಸಿಕ್ಕ ಕಬ್ಬಿಣದ ವಸ್ತುಗಳು ಸುಮಾರು ಮೂರು ಸಾವಿರ ವರುಷಗಳಷ್ಟು ಹಳೆಯವು. ದಕ್ಷಿಣ ಹಿಂದುಸ್ಥಾನದ ದೊಡ್ಡ ಕಲ್ಲುಗೋರಿಗಳಲ್ಲಿ ಸತ್ತವನ ಬದಿಗೆ ಚಪ್ಪಟೆಯಾದ ಕಬ್ಬಿಣದ ಕೊಡಲಿಗಳು ದೊರೆತಿವೆ. ಅವಕ್ಕೆ ಕಾವು ತೂರಿಸುವ ತೂತಿಲ್ಲ, ಕಬ್ಬಿಣದ ಪಟ್ಟಿಗಳನ್ನು ಅಡ್ಡಡ್ಡವಾಗಿ ಸುತ್ತಿ ಕಾವಿಗೆ ಬಿಗಿಯುತ್ತಿದ್ದರು. ಪರಲೋಕಕ್ಕೆ ಹೋಗುವವನಿಗೂ ಕೊಡಲಿ ಬೇಕೆಂದು ಬಗೆದ ಜನರ ವಂಶದವರು ನಾವು!

ಉಕ್ಕಿನ ಮಾತಂತೂ ನಮಗೆ ಇನ್ನೂ ಹತ್ತಿರದ್ದು. ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲಂಡಿನ ವೈದ್ಯನು 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿ, ಕಂಡದ್ದನ್ನೆಲ್ಲ ಬರೆದು 1807ರಲ್ಲಿ ಪ್ರಕಟಿಸಿದನು. ಹಸಿಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡನ್ನಿಟ್ಟು, ಅದರೊಡನೆ ತಂಗಡಿಯ ಕಡ್ಡಿಯನ್ನೂ ಎರಡು ಹಸಿರೆಲೆಗಳನ್ನೂ ಸೇರಿಸಿ, ಬಾಯಿ ಮುಚ್ಚಿ ತಿದಿಯೂದಿ ಉಕ್ಕು ಮಾಡುವ ಕ್ರಮವನ್ನು ಅವನು ವಿವರಿಸಿರುತ್ತಾನೆ. ಚನ್ನಪಟ್ಟಣದಲ್ಲಿ ಉಕ್ಕನ್ನು ತಂತಿಯಾಗಿ ಎಳೆದು ವಾದ್ಯಗಳಿಗೆ ಒದಗಿಸುತ್ತಿದ್ದರೆಂಬುದೂ ಆ ಕಾಲದ ಸಂಗತಿಯೇ. 1795ರಲ್ಲಿ ಲಂಡನ್ನಿನ ರಾಯಲ್ ಸೊಸಾಯಿಟಿಯ ಮುಂದೆ ಜಾರ್ಜ್ ಪಿಯರ್ಸನ್ನನು ಈ ಉಕ್ಕನ್ನು ಕುರಿತು ಪ್ರಬಂಧವನ್ನೋದಿ ಅದನ್ನು “ವೂಟ್ಸ್” ಎಂದು ಕರೆದನು. ಈ ಹೆಸರು ಕನ್ನಡದ “ಉಕ್ಕು” ಎಂಬ ಶಬ್ದದ ಅಪಭ್ರಂಶವೆಂದು ಹಲವು ವಿದ್ವಾಂಸರ ಮತ. ಮುಂದೆ ಮೈಕೆಲ್ ಫ್ಯಾರಡೆಯಂಥ ಮಹಾವಿಜ್ಞಾನಿಯು 1820ರ ಹೊತ್ತಿಗೆ ಇದರ ಗುಟ್ಟನ್ನು ಬಿಡಿಸಲು ಪ್ರಯೋಗ ಹೂಡಿದನು. ತಂಗಡಿಯ ಕಡ್ಡಿ ಹಾಕಿದವರಿಗೆ ರಸಾಯನಶಾಸ್ತ್ರವು ಗೊತ್ತಿರಲಿಲ್ಲವೆನ್ನಬಹುದು. ಆದರೆ ಕಬ್ಬಿಣಕ್ಕೆ ಇಂಗಾಲವನ್ನು ಉಣಿಸದೆ ಉಕ್ಕಾಗದೆಂಬುದು ಅವರ ಕೈಗೆ ಗೊತ್ತಿತ್ತು.

ಇನ್ನು ಕೊಡಲಿಯ ವಿಚಾರ. ಒಳ್ಳೆಯ ಕೊಡಲಿಯಲ್ಲಿ ಒಂದಕ್ಕೊಂದು ವೈರಿಗಳಾದ ಎರಡು ಗುಣಗಳು ಕೂಡಿ ಬಾಳಬೇಕಾಗುತ್ತದೆ. ಅದರ ಬಾಯಿ ಗಡುಸಾಗಿರಬೇಕು, ಇಲ್ಲವಾದರೆ ನಾಲ್ಕು ಪೆಟ್ಟಿಗೆ ಮಡಿಸಿ ಮೊಂಡಾಗುವದು. ಆದರೆ ಗಡುಸಾದದ್ದೆಲ್ಲ ಗಾಜಿನಂತೆ ಸಿಡಿಯುವ ಸ್ವಭಾವದ್ದು. ಇಡಿಯ ಕೊಡಲಿಯು ಅಷ್ಟೇ ಗಡುಸಾಗಿದ್ದರೆ, ಜಾಲಿಯ ಗಂಟಿಗೆ ತಗಲಿದಾಗ ಚಕ್ಕೆ ಹಾರಿ ಬಡಿಯುವವನ ಕಣ್ಣನ್ನೇ ತೆಗೆದೀತು. ಆದುದರಿಂದ ಮೈ ಮೆತ್ತಗೆ, ತಾಳಿಕೆಯುಳ್ಳದ್ದಾಗಿರಬೇಕು. ಮೆತ್ತನೆಯ ಮೈಗೆ ಗಡುಸಾದ ಬಾಯಿಯನ್ನು ಕೂಡಿಸುವದೇ ಕಮ್ಮಾರನ ಕೆಲಸ, ಉಳಿದದ್ದೆಲ್ಲ ಅದರ ಸುತ್ತಲಿನ ಸಿದ್ಧತೆ.

ಹಳೆಯ ಪದ್ಧತಿಯಲ್ಲಿ ಅವನು ಮೆತ್ತನೆಯ ಕಬ್ಬಿಣದ ಪಟ್ಟಿಯೊಂದನ್ನು ಕುಲುಮೆಯಲ್ಲಿ ಕಾಯಿಸಿ, ನಡುವೆ ಕಬ್ಬಿಣದ ಗೂಟವನ್ನಿಟ್ಟು ಮಡಿಸುತ್ತಾನೆ. ಗೂಟವಿದ್ದ ಜಾಗವೇ ಕಾವಿನ ತೂತಾಗುತ್ತದೆ. ಮಡಿಕೆಯ ಎರಡು ತುದಿಗಳ ನಡುವೆ, ರೊಟ್ಟಿಗಳ ನಡುವೆ ಪಲ್ಯವಿಟ್ಟಂತೆ, ಉಕ್ಕಿನ ತುಂಡೊಂದನ್ನು ಇಡುತ್ತಾನೆ. ಬಳಿಕ ಮತ್ತೆ ಬೆಂಕಿ. ಕಬ್ಬಿಣವು ಕೆಂಪಾಗಿ, ಹಳದಿಯಾಗಿ, ಬೆಳ್ಳಗೆ ಉರಿಯುವ ಹೊತ್ತಿಗೆ ನಯವಾದ ಮರಳನ್ನೋ ಬಿಳಿಗಾರವನ್ನೋ ಎರಚುತ್ತಾನೆ. ಅದು ಕರಗಿ, ಕಬ್ಬಿಣದ ಮೇಲಿನ ಹೊಟ್ಟನ್ನು ತನ್ನೊಡನೆ ಹರಿಸಿಕೊಂಡು ಹೋಗುತ್ತದೆ. ಆಗ ಸುತ್ತಿಗೆಯ ಸಣ್ಣ ಪೆಟ್ಟು, ಅದರ ಬೆನ್ನಿಗೇ ಚಮ್ಮಟಿಗೆಯ ದೊಡ್ಡ ಪೆಟ್ಟು. ಮೂರು ತುಂಡುಗಳು ಒಂದೇ ಆಗಿಬಿಡುತ್ತವೆ. ಕಾವು ಕಡಿಮೆಯಾದರೆ ಬೆಸುಗೆ ಹತ್ತದು. ಹೆಚ್ಚಾದರೆ ನಕ್ಷತ್ರ ಸಿಡಿದಂತೆ ಕಿಡಿ ಹಾರಿ ಉಕ್ಕು ಸುಟ್ಟುಹೋಗುವದು, ಸುಟ್ಟ ಉಕ್ಕಿಗೆ ಮರುಜನ್ಮವಿಲ್ಲ. ಇವೆರಡರ ನಡುವಿನ ಅವಕಾಶವು ಕೆಲವು ಕ್ಷಣಗಳದ್ದು. ಊರೂರು ಅಲೆಯುವ ಕಮ್ಮಾರ ಕುಟುಂಬಗಳಲ್ಲಿ ಆ ಚಮ್ಮಟಿಗೆಯನ್ನು ಎತ್ತಿ ಹೊಡೆಯುವವಳು ಬಹಳ ಮಾಡಿ ಅವನ ಹೆಂಡತಿಯೇ. ಗಂಡನ ಸುತ್ತಿಗೆ ಎಲ್ಲಿ ತಟ್ಟಿತೋ ಅಲ್ಲಿಯೇ ಅವಳ ಪೆಟ್ಟು ಬೀಳುತ್ತದೆ, ಮಾತೇ ಬೇಕಾಗುವದಿಲ್ಲ.

ಇಷ್ಟಾದರೂ ಕೊಡಲಿಯು ಇನ್ನೂ ಕೊಡಲಿಯಲ್ಲ. ಹದ ಹಾಕುವದು ಉಳಿದಿದೆ. ಕುಲುಮೆಯು ಏಕೆ ಕತ್ತಲೆಯ ಮೂಲೆಯಲ್ಲಿರುತ್ತದೆ, ಬಲ್ಲಿರಾ? ಬಡತನವೊಂದೇ ಅದಕ್ಕೆ ಕಾರಣವಲ್ಲ. ಬಿಸಿಲಿನಲ್ಲಿ ಕಾದ ಉಕ್ಕಿನ ಬಣ್ಣವು ಕಾಣದು, ಕಮ್ಮಾರನಿಗೆ ಬಣ್ಣವೇ ಉಷ್ಣಮಾಪಕವು. ಸುಮಾರು 800 ಅಂಶ ಸೆಂಟಿಗ್ರೇಡಿಗೆ ಬಾಯಿಯು ಮಾಗಿದ ಹಣ್ಣಿನ ಕೆಂಪಿಗೆ ಬಂದಾಗ ಅವನು ಅದನ್ನಷ್ಟೇ ನೀರಿನಲ್ಲಿ ಅದ್ದುತ್ತಾನೆ, ಮೈಯನ್ನು ಅದ್ದುವದಿಲ್ಲ. ತಟ್ಟನೆ ತಂಪಾದ ಉಕ್ಕಿನಲ್ಲಿ ಇಂಗಾಲವು ಹೊರಬರಲಾರದೆ ಸಿಕ್ಕಿಬಿದ್ದು, ಬಾಯಿಯು ಅತಿ ಗಡುಸಾಗುತ್ತದೆ. ಆ ಸ್ಥಿತಿಯಲ್ಲಿ ಅದನ್ನು ಬಳಸಿದರೆ ಸಿಡಿಯುವದು. ಅದಕ್ಕೆಂದೇ ಅವನು ಕೊಡಲಿಯನ್ನು ಹೊರತೆಗೆದು, ಕಲ್ಲಿನಿಂದ ಬಾಯಿಯನ್ನು ಬರಬರನೆ ತಿಕ್ಕಿ ಬೆಳಗುಮಾಡಿ, ಸುಮ್ಮನೆ ನೋಡುತ್ತ ಕೂಡ್ರುತ್ತಾನೆ. ಮೈಯಲ್ಲಿ ಉಳಿದ ಕಾವು ಮೆಲ್ಲಮೆಲ್ಲನೆ ಬಾಯಿಯ ಕಡೆಗೆ ಹರಿಯತೊಡಗುತ್ತದೆ, ಅದರೊಡನೆ ಬಣ್ಣಗಳ ಮೆರವಣಿಗೆಯೂ ಹೊರಡುತ್ತದೆ. ಮೊದಲು ಒಣಹುಲ್ಲಿನ ತಿಳಿಹಳದಿ, ಅದು 220 ಅಂಶದ ಆಸುಪಾಸು, ಬಳಿಕ ಕಂದು, ಬಳಿಕ 280ರ ಸುಮಾರಿಗೆ ನೇರಳೆ, ಕೊನೆಗೆ 300ಕ್ಕೆ ನವಿಲುಗೊರಳಿನ ನೀಲಿ. ಕ್ಷೌರದ ಕತ್ತಿಗೆ ಹಳದಿಯು ಸಾಕು, ಬಿಲ್ಲಿನಂತೆ ಬಾಗಬೇಕಾದ ಸ್ಪ್ರಿಂಗಿಗೆ ನೀಲಿ ಬೇಕು. ಕೊಡಲಿಯದು ಇವುಗಳ ನಡುವಿನ ಹದ: ಕಂದು ಹೋಗಿ ನೇರಳೆಯು ಇಣುಕುತ್ತಿದ್ದಂತೆಯೇ ಮತ್ತೆ ನೀರು. ಆ ಗಳಿಗೆ ತಪ್ಪಿದರೆ ಮೊದಲಿನಿಂದ ಮಾಡಬೇಕು. “ಹದ” ಎಂಬ ಈ ಪುಟ್ಟ ಶಬ್ದದಲ್ಲಿ ನಮ್ಮವರು ಹೊಲದ ತೇವ, ಪಾಕದ ಎಳೆ, ಉಕ್ಕಿನ ಗಡಸು ಎಲ್ಲವನ್ನೂ ತುಂಬಿರುವರು. ಒಲೆಯ ಮುಂದಿನ ಗೃಹಿಣಿಗೂ ಕುಲುಮೆಯ ಮುಂದಿನ ಕಮ್ಮಾರನಿಗೂ ಶಾಸ್ತ್ರವು ಒಂದೇ.

ಶಿಕ್ಷಕ ಬಂಧುಗಳೇ, ಉಷ್ಣತೆಯ ವಹನ, ಲೋಹದ ಮೇಲೆ ಪ್ರಾಣವಾಯುವಿನ ಕ್ರಿಯೆ, ಇಂಗಾಲದ ಗುಣ ಇವನ್ನೆಲ್ಲ ನಾವು ಕರಿಯ ಹಲಗೆಯ ಮೇಲೆ ಬರೆದು ಮಕ್ಕಳಿಂದ ಬಾಯಿಪಾಠ ಮಾಡಿಸುತ್ತೇವೆ. ಊರ ಕುಲುಮೆಯಲ್ಲಿ ಅವೇ ಕಣ್ಣಿಗೆ ಕಾಣುತ್ತಿರುವಾಗ ಒಮ್ಮೆಯಾದರೂ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಬಾರದೇಕೆ? ಕಾದ ಉಕ್ಕಿಗೆ ಶಾಲೆಯ ಅಯಸ್ಕಾಂತವನ್ನು ದಾರ ಕಟ್ಟಿ ಹತ್ತಿರ ಹಿಡಿಯಿರಿ. ಸುಮಾರು 770 ಅಂಶವನ್ನು ದಾಟಿದ ಮೇಲೆ ಅದು ಉಕ್ಕನ್ನು ಸೆಳೆಯುವದೇ ಇಲ್ಲ. ಹುಡುಗರು ಆ ಪಾಠವನ್ನು ಮರೆಯಲಾರರು.

ಕಮ್ಮಾರನ ಮಗನು ಕಮ್ಮಾರನೇ ಆಗಲೆಂದು ನಾವು ಹೇಳುತ್ತಿಲ್ಲ, ಹಾಗೆ ಹೇಳುವವರ ಪಂಕ್ತಿಯಲ್ಲಿ ನಾವು ಕೂಡ್ರುವವರೂ ಅಲ್ಲ. ಹಿಂದೆ ಸುಗ್ಗಿಯಲ್ಲಿ ಊರವರು ಆಯ ಅಳೆದು ಕೊಡುತ್ತಿದ್ದರು, ಕಮ್ಮಾರನು ವರುಷವಿಡೀ ಕುಳ, ಕುಡಗೋಲುಗಳನ್ನು ಹಣಿದು ಕೊಡುತ್ತಿದ್ದನು. ಆ ಪದ್ಧತಿಯು ಬಹುಮಟ್ಟಿಗೆ ಅಳಿಯಿತು. ಅದರಲ್ಲಿದ್ದ ಹಂಗಿನ ಬಾಳು ಹೋದದ್ದಕ್ಕೆ ನಾವು ಅಳುವದಿಲ್ಲ. ನಮ್ಮ ಚಿಂತೆ ಬೇರೆ. ಹುಡುಗನು ಶಾಲೆ ಕಲಿತು ಕಚೇರಿ ಸೇರಿದರೆ ಸಂತೋಷವೇ. ಆದರೆ ತಂದೆಯ ವಿದ್ಯೆಯು ಯಾವ ಪುಸ್ತಕದಲ್ಲಿಯೂ ಇಲ್ಲದ ಕಾರಣ, ತಂದೆಯೊಡನೆಯೇ ಅದು ಚಿತೆಯೇರುತ್ತದೆ. 2023ರ ಸಪ್ಟಂಬರ 17ರಂದು ಆರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯು 18 ಕಸುಬುಗಳಲ್ಲಿ ಕಮ್ಮಾರಿಕೆಯನ್ನೂ ಎಣಿಸಿ, ಹತ್ಯಾರುಗಳಿಗೆಂದು 15,000 ರೂಪಾಯಿಗಳವರೆಗೆ ಸಹಾಯವನ್ನು ಗೊತ್ತುಪಡಿಸಿರುತ್ತದೆ. ಒಳ್ಳೆಯದೇ. ಆದರೆ ಹತ್ಯಾರು ಕೊಟ್ಟ ಸರಕಾರವು ಗಿರಾಕಿಯನ್ನೂ ಕೊಡಬಲ್ಲುದೇ? ಗಿರಾಕಿಗಳು ನಾವು.

ಮತ್ತು ಗಿರಾಕಿಯ ಅಜ್ಞಾನವೇ ಕಮ್ಮಾರನ ದೊಡ್ಡ ಶತ್ರು. ಯಂತ್ರದ ಕೊಡಲಿಯೆಲ್ಲ ಕೆಟ್ಟದ್ದೆಂದು ನಾವು ಹೇಳಲಾರೆವು. ಒಳ್ಳೆಯ ಉಕ್ಕಿನಿಂದ ದೊಡ್ಡ ಸುತ್ತಿಗೆಯ ಯಂತ್ರದಲ್ಲಿ ಬಡಿದು, ಸರಿಯಾಗಿ ಹದಗೊಳಿಸಿದ್ದು ಪ್ರಾಮಾಣಿಕ ವಸ್ತುವೇ. ಸ್ವೀಡನ್ ದೇಶದಲ್ಲಿ 1902ರಲ್ಲಿ ಸ್ಥಾಪಿತವಾದ ಗ್ರೆನ್ಸ್‌ಫೋರ್ಸ್ ಎಂಬ ಕೊಡಲಿಯ ಕಾರಖಾನೆಯಲ್ಲಿ ಯಂತ್ರದ ಸುತ್ತಿಗೆಯೇ ಉಂಟು. ಆದರೆ ಅದರ ಕೆಳಗೆ ಉಕ್ಕನ್ನು ಹಿಡಿದು ತಿರುಗಿಸುವದು ಕಮ್ಮಾರನ ಕೈ, ಕೆಲಸ ಮುಗಿದ ಮೇಲೆ ಅವನು ತನ್ನ ಹೆಸರಿನ ಮೊದಲಕ್ಷರಗಳನ್ನು ಕೊಡಲಿಯ ಮೇಲೆ ಒತ್ತುತ್ತಾನೆ. ಅದನ್ನು ಕೊಳ್ಳಲು ದೂರದೇಶಗಳವರು ದೊಡ್ಡ ಬೆಲೆ ಕೊಡುತ್ತಾರೆ. ನಮ್ಮ ಕಮ್ಮಾರನ ಹೆಸರು ಅವನ ಕೊಡಲಿಯ ಮೇಲೆ ಎಂದಾದರೂ ಕಂಡದ್ದುಂಟೇ? ನಾವು ದೂರುವದು ಸಂತೆಯಲ್ಲಿ ಬಣ್ಣ ಬಳಿದು ಮಾರುವ, ಹದವನ್ನೇ ಕಾಣದ ಅಗ್ಗದ ಕೊಡಲಿಯನ್ನು. ಅದನ್ನು ಕೊಂಡವನು ಎರಡು ತಿಂಗಳಲ್ಲಿ ಇನ್ನೊಂದನ್ನು ಕೊಳ್ಳುತ್ತಾನೆ, ಆದರೂ ಕಮ್ಮಾರನದು ತುಟ್ಟಿಯೆನ್ನುತ್ತಾನೆ.

ಈಗಿನ ಕಮ್ಮಾರನು ಬಹಳ ಮಾಡಿ ಹಳೆಯ ಲಾರಿಯ ಸ್ಪ್ರಿಂಗ್ ಪಟ್ಟಿಯನ್ನು ಕಡಿದು ಕೊಡಲಿ ಬಡಿಯುತ್ತಾನೆ. ಇದನ್ನು ಕಂಡು ಮೂಗು ಮುರಿಯಬೇಡಿರಿ. ಆ ಪಟ್ಟಿಯು ನೂರಕ್ಕೆ ಅರ್ಧ ಪಾಲಿಗಿಂತ ತುಸು ಹೆಚ್ಚು ಇಂಗಾಲವುಳ್ಳ ಒಳ್ಳೆಯ ಉಕ್ಕು. ಮೈಗೂ ಬಾಯಿಗೂ ಒಂದೇ ಉಕ್ಕಿರುವದರಿಂದ, ಬಾಯಿಯನ್ನಷ್ಟೇ ನೀರಿಗೆ ಅದ್ದುವ ಅಜ್ಜನ ಯುಕ್ತಿಯು ಮೊಮ್ಮಗನಿಗೆ ಇನ್ನಷ್ಟು ಬೇಕಾಯಿತು.

ಕೊಳ್ಳುವಾಗ ಕೆಲವು ಪರೀಕ್ಷೆಗಳನ್ನು ಮಾಡಿ ನೋಡಿರಿ. ಕಾವಿಲ್ಲದ ಕೊಡಲಿಯನ್ನು ದಾರಕ್ಕೆ ತೂಗಬಿಟ್ಟು ಸಣ್ಣ ಕಬ್ಬಿಣದಿಂದ ತಟ್ಟಿದರೆ ಗಂಟೆಯ ದನಿ ಬರಬೇಕು, ಒಡಕು ದನಿ ಬಂದರೆ ಒಳಗೆ ಬಿರುಕುಂಟು. ಅರವನ್ನು ಮೈಗೆ ಉಜ್ಜಿದರೆ ಕಚ್ಚಬೇಕು, ಬಾಯಿಗೆ ಉಜ್ಜಿದರೆ ಅಷ್ಟು ಸುಲಭವಾಗಿ ಕಚ್ಚಬಾರದು. ಕಾವು ದಿಂಡಿಗದ್ದೋ ತಡಸಲದ್ದೋ ಜಾಲಿಯದೋ ಆಗಿರಲಿ, ಮರದ ಎಳೆಯು ತುದಿಯಿಂದ ತುದಿಗೆ ನೇರವಾಗಿ ಓಡಿರಲಿ. ಕಾವು ಸಡಿಲಾದರೆ ನೀರಿನಲ್ಲಿ ನೆನೆಹಾಕುವ ರೂಢಿಯು ಒಳ್ಳೆಯದಲ್ಲ. ಉಬ್ಬಿದ ಮರವು ಒಣಗಿದ ಮೇಲೆ ಮೊದಲಿಗಿಂತ ಹೆಚ್ಚು ಸಡಿಲಾಗಿ, ಬೀಸುವಾಗ ಕೊಡಲಿಯು ಕಳಚಿ ಹಾರುವದು. ಬೆಣೆ ಹೊಡೆಯಿಸಿರಿ, ಇಲ್ಲವೆ ಹೊಸ ಕಾವು ಹಾಕಿಸಿರಿ. ಮೊಂಡಾದ ಬಾಯಿಯನ್ನು ವಿದ್ಯುತ್ತಿನ ಸಾಣೆಗೆ ಕೊಟ್ಟು ಕಿಡಿ ಹಾರಿಸಬೇಡಿರಿ. ಅಂಚು ನೀಲಿಯಾಯಿತೆಂದರೆ ಹದವು ಹೋಯಿತೆಂದೇ ತಿಳಿಯಿರಿ. ನೀರು ಹಾಕಿ ಸಾಣೆಕಲ್ಲಿನ ಮೇಲೆ ಕೈಯಿಂದ ತಿಕ್ಕಿರಿ.

ವರುಷಗಟ್ಟಲೆ ತಿಕ್ಕಿ ತಿಕ್ಕಿ ಉಕ್ಕು ಸವೆದುಹೋದ ಕೊಡಲಿಯನ್ನು ಹಳೆಯ ಕಬ್ಬಿಣದವನ ತಕ್ಕಡಿಗೆ ಹಾಕುವ ಮೊದಲು ಕುಲುಮೆಗೆ ಒಯ್ಯಿರಿ. ಮೈಯು ಗಟ್ಟಿಯಿದ್ದರೆ ಕಮ್ಮಾರನು ಬಾಯಿಯನ್ನು ಸೀಳಿ, ಹೊಸ ಉಕ್ಕನ್ನಿಟ್ಟು ಬೆಸೆದು, ಮತ್ತೆ ಹದ ಹಾಕಿ ಕೊಡುತ್ತಾನೆ. ಅವನು ಕೇಳಿದ ಕೂಲಿಯನ್ನು ಚೌಕಾಸಿ ಮಾಡದೆ ಕೊಡಿರಿ.