ಕವಾಯತಿನ ಟೋಪಿ ಹೇಳುವ ಕಥೆ



ಕಾರ್ಯಕ್ರಮವೊಂದರ ಚಿತ್ರೀಕರಣಕ್ಕಾಗಿ ಬಿಳಿಕೆರೆಗೆ ಹೋಗಿದ್ದೆವು. ಕ್ಯಾಮೆರಾದ ಸುತ್ತ ನೆರೆದಿದ್ದ ಮಕ್ಕಳ ನಡುವೆ ಎನ್.ಸಿ.ಸಿ. ಸಮವಸ್ತ್ರ ತೊಟ್ಟ ಹುಡುಗನೊಬ್ಬನಿದ್ದ. "ಸಾರ್, ನಮ್ಮ ಟೋಪಿಯ ಈ ಕೆಂಪು ಕುಚ್ಚು ಬಿಸಿಲನ್ನೂ ತಡೆಯೋಲ್ಲ, ಮಳೆಯನ್ನೂ ತಡೆಯೋಲ್ಲ. ಮತ್ತೆ ಯಾಕೆ ಬೇಕು?" ಎಂದು ಕೇಳಿದ. ವಿಜ್ಞಾನ ಓದಿದ ನಾನು ಆಗ ತಡವರಿಸಿದೆ. ಇಂದು ಅವನಿಗೂ ನಿಮಗೂ ಸೇರಿಸಿ ಉತ್ತರ ಹೇಳುತ್ತೇನೆ.

ಹಿಂದೆ ಬಂದೂಕಿಗೆ ತುಂಬುತ್ತಿದ್ದದ್ದು ಕಪ್ಪು ಮದ್ದು. ನಾಲ್ಕು ಸುತ್ತು ಗುಂಡು ಹಾರಿದರೆ ರಣರಂಗವೆಲ್ಲ ಹೊಗೆ. ಆ ಹೊಗೆಯಲ್ಲಿ ನಮ್ಮವರು ಯಾರೆಂದು ಗುರುತಿಸಲು ಕೆಂಪು ಕೋಟು, ಎತ್ತರದ ಟೋಪಿ, ಗರಿಯ ಕುಚ್ಚು ನೆರವಾಗುತ್ತಿದ್ದವು. 1880ರ ದಶಕದಲ್ಲಿ ಹೊಗೆಯಿಲ್ಲದ ಮದ್ದು ಬಂತು, ಬಂದೂಕು ದೂರಕ್ಕೂ ಗುರಿ ಮುಟ್ಟತೊಡಗಿತು. ಆಗ ಅದೇ ಬಣ್ಣ ಶತ್ರುವಿಗೆ ಗುರಿಯಾಯಿತು. ಹೀಗಾಗಿ ಯುದ್ಧಕ್ಕೆ ಮಣ್ಣಿನ ಬಣ್ಣದ ಖಾಕಿ ಉಳಿಯಿತು. ಬಣ್ಣದ ಉಡುಪು ಕವಾಯತಿಗೆ, ಸಮಾರಂಭಕ್ಕೆ ಸರಿಯಿತು. ಖಾಕಿ ಎಂದರೆ ಧೂಳಿನ ಬಣ್ಣದ್ದು ಎಂದರ್ಥ. ನಮ್ಮ ಮಂಗಳೂರಿನ ಬಾಸೆಲ್ ಮಿಷನ್ ನೇಯ್ಗೆ ಕಾರ್ಖಾನೆಯ ಖಾಕಿ ಬಟ್ಟೆ ಆ ಕಾಲದಲ್ಲಿ ಹೆಸರುವಾಸಿಯಾಗಿತ್ತು.

1914ರ ಮಹಾಯುದ್ಧಕ್ಕೆ ಮೊದಲು ಈ ವೈಭವದ ಉಡುಪನ್ನು ಬಿಡುವಿನ ವೇಳೆಯ ಸೈನಿಕರೂ ತೊಡುತ್ತಿದ್ದರು. 1868ರಲ್ಲಿ ಹುಟ್ಟಿದ ಬೆಂಗಳೂರು ರೈಫಲ್ ವಾಲಂಟಿಯರ್ಸ್, ಕಾಫಿ ತೋಟದ ಬಿಳಿಯರು ಸೇರುತ್ತಿದ್ದ ಕೊಡಗು ಮತ್ತು ಮೈಸೂರು ರೈಫಲ್ಸ್ ಇಂಥ ಪಡೆಗಳು. ವಾರವೆಲ್ಲ ಕಚೇರಿ ಅಥವಾ ತೋಟದ ಕೆಲಸ, ಬಿಡುವಾದಾಗ ಕವಾಯತು. ನಾಲ್ಕು ಜನರ ಕಣ್ಣಿಗೆ ಅವರನ್ನು ಸೈನಿಕರನ್ನಾಗಿ ಮಾಡುತ್ತಿದ್ದುದು ಆ ಉಡುಪು.

ಆ ಕಾಲದ ಬಿಳಿಯ ಹೆಲ್ಮೆಟ್ಟನ್ನು ಚಿತ್ರಗಳಲ್ಲಿ ನೋಡಿರುತ್ತೀರಿ. ಸಮಾರಂಭದಲ್ಲಿ ಅದರ ನೆತ್ತಿಯ ಮೇಲೆ ಲೋಹದ ಮೊನೆ ಇರುತ್ತಿತ್ತು. ಹಗುರವಾದ ಸೋಲಾ ಟೋಪಿ ಮಾಡುತ್ತಿದ್ದದ್ದು ಜೌಗಿನಲ್ಲಿ ಬೆಳೆಯುವ ಗಿಡದ ಬೆಂಡಿನಿಂದ. ಮದುವೆಯ ಬಾಸಿಂಗಕ್ಕೂ ನಮ್ಮಲ್ಲಿ ಬೆಂಡನ್ನೇ ಬಳಸುತ್ತಾರಲ್ಲ! ಬೆಂಡಿನೊಳಗೆ ಗಾಳಿ ತುಂಬಿರುವುದರಿಂದ ಶಾಖ ಸುಲಭವಾಗಿ ಒಳಗೆ ಹರಿಯುವುದಿಲ್ಲ. ಇಷ್ಟು ವಿಜ್ಞಾನ ಸರಿ. ಆದರೆ ಉಷ್ಣದೇಶದ ಸೂರ್ಯಕಿರಣ ಬಿಳಿಯರ ತಲೆಬುರುಡೆಯನ್ನು ಹೊಕ್ಕು ಮಿದುಳನ್ನೇ ಕೆಡಿಸುತ್ತದೆಂದು ಆಗ ನಂಬಿದ್ದರು. ಅದು ತಪ್ಪು. ಇಡೀ ದೇಹದ ಶಾಖ ಬೆವರಿನ ಮೂಲಕ ಸಾಕಷ್ಟು ಹೊರಹೋಗದೆ ಮೈಬಿಸಿ ಮಿತಿಮೀರಿದಾಗ ಬಿಸಿಲಾಘಾತವಾಗುತ್ತದೆ. ಅದೇ ಬಿಸಿಲಿನಲ್ಲಿ ನಮ್ಮ ರೈತ ರುಮಾಲು ಸುತ್ತಿ ಉಳುತ್ತಿದ್ದನಲ್ಲವೇ? ತಪ್ಪು ನಂಬಿಕೆಯ ಬಲದಿಂದ ಆ ಟೋಪಿ ಆಳುವವರ ಗುರುತಾಗಿಬಿಟ್ಟಿತು.

ಗುರುತು ಗಟ್ಟಿಯಾದಂತೆ ಬಾಗಿಲೂ ಮುಚ್ಚಿತು. ವಾಲಂಟಿಯರ್ ಪಡೆಗಳು ಹೆಚ್ಚಾಗಿ ಯುರೋಪಿಯನ್ನರು ಮತ್ತು ಆಂಗ್ಲೋ-ಇಂಡಿಯನ್ನರ ಪಾಲಾಗಿದ್ದವು. ನಮಗೂ ಅವಕಾಶ ಕೊಡಿ ಎಂದು ವಿದ್ಯಾವಂತ ಭಾರತೀಯರು 1885ರ ಸುಮಾರಿನಲ್ಲಿ ಕೇಳಿದರೂ ಸರ್ಕಾರ ಒಪ್ಪಲಿಲ್ಲ. 1917ರಲ್ಲಿ, ಯುದ್ಧದ ಒತ್ತಡದ ನಡುವೆ, ವಿಶ್ವವಿದ್ಯಾನಿಲಯದ ಹುಡುಗರಿಗೆ ಸೈನಿಕ ತರಬೇತಿಯ ದಾರಿ ತೆರೆಯಿತು. 1920ರಲ್ಲೂ ಬಿಳಿಯರಿಗೆ ಆಕ್ಸಿಲಿಯರಿ ಪಡೆ, ಭಾರತೀಯರಿಗೆ ಟೆರಿಟೋರಿಯಲ್ ಪಡೆ ಎಂದು ಬೇರೆಬೇರೆ ಸಾಲು! ಸ್ವಾತಂತ್ರ್ಯದೊಂದಿಗೆ ಆ ಭೇದ ಅಳಿಯಿತು. 1948ರಲ್ಲಿ ಎನ್.ಸಿ.ಸಿ., 1949ರಲ್ಲಿ ಸ್ವತಂತ್ರ ಭಾರತದ ಟೆರಿಟೋರಿಯಲ್ ಸೇನೆ ಬಂದವು.

ಇನ್ನೊಂದು ಮಾತು. ಪೂರ್ಣಾವಧಿಯ ಯೋಧರಾಗಿದ್ದ ನಮ್ಮ ಮೈಸೂರು ಲ್ಯಾನ್ಸರ್ಸ್ 1918ರ ಸೆಪ್ಟೆಂಬರ್ 23ರಂದು, ಜೋಧಪುರದ ಸವಾರರ ಜೊತೆಗೂಡಿ, ಹೈಫಾ ಪಟ್ಟಣವನ್ನು ಗೆದ್ದರು. ದೆಹಲಿಯ ತೀನ್ ಮೂರ್ತಿ ಸ್ಮಾರಕದ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನದು. ಆ ತಲೆಯ ಮೇಲಿರುವುದು ಹೆಲ್ಮೆಟ್ಟಲ್ಲ, ಪೇಟ.

ಬಿಳಿಕೆರೆಗೆ ಸಮೀಪದ ಹುಣಸೂರಿನಲ್ಲಿ 19ನೆಯ ಶತಮಾನದಲ್ಲಿ ಸೈನ್ಯಕ್ಕಾಗಿ ಚರ್ಮ ಹದಮಾಡುವ ಮತ್ತು ಕಂಬಳಿ ನೇಯುವ ಕಾರ್ಖಾನೆಗಳಿದ್ದವು. ಸೈನ್ಯಕ್ಕೆ ಚರ್ಮವನ್ನೂ ಕಂಬಳಿಯನ್ನೂ ಸಿದ್ಧಮಾಡಿದ ಕೈಗಳು ನಮ್ಮವು. ವಾಲಂಟಿಯರ್ ಟೋಪಿ ಏರಿದ ತಲೆ ಮಾತ್ರ ಬೇರೆಯವರದು.

ಆದ್ದರಿಂದ, ಮಗು, ನಿನ್ನ ಕೆಂಪು ಕುಚ್ಚು ಬಿಸಿಲು ತಡೆಯುವುದಿಲ್ಲ, ನಿಜ. "ಇವನು ನಮ್ಮವನು" ಎಂದು ಹೇಳುವುದೇ ಅದರ ಕೆಲಸ. ಆ "ನಮ್ಮವರು" ಎಂಬ ಮಾತಿನೊಳಗೆ ನೀನೂ ಸೇರಲು ನಿನ್ನ ಹಿರಿಯರು ಅರವತ್ತು ವರ್ಷಕ್ಕೂ ಹೆಚ್ಚು ಕಾಲ ಕಾಯಬೇಕಾಯಿತು. ಮುಂದಿನ ಕವಾಯತಿನಲ್ಲಿ ಟೋಪಿ ಸರಿಪಡಿಸಿಕೊಳ್ಳುವಾಗ ಇದನ್ನು ನೆನೆ.