ಮತಪತ್ರದ ಕೆಳಗಿನ ಸಾಲುಗಳು

ನಮ್ಮಲ್ಲಿ ಮಧ್ಯಾವಧಿ ಚುನಾವಣೆ ಎಂದರೆ ಶಾಸನಸಭೆ ಅವಧಿಗೆ ಮುನ್ನವೇ ವಿಸರ್ಜನೆಗೊಂಡಾಗ ಬರುವ ಅಕಾಲದ ಚುನಾವಣೆ. ಅಮೆರಿಕದಲ್ಲಿ ಆ ಮಾತಿನ ಅರ್ಥವೇ ಬೇರೆ. ಅಧ್ಯಕ್ಷರ ನಾಲ್ಕು ವರ್ಷಗಳ ಅವಧಿಯ ನಡುವೆ, ನವೆಂಬರ್ ತಿಂಗಳಲ್ಲಿ, ಅದು ಋತುಮಾನದಷ್ಟು ನಿಯಮಿತವಾಗಿ ಬರುತ್ತದೆ. 2022ರಲ್ಲಿ ಹಾಗೆ ಬಂದಾಗ ನಾನು ನೆವಾಡಾ ರಾಜ್ಯದ ಲಾಸ್ ವೇಗಸ್ ನಗರದಲ್ಲಿ, ಮಗಳ ಮನೆಯಲ್ಲಿದ್ದೆ.

ಬೇಡವೆಂದು ತಿಳಿಸಿದವರನ್ನು ಬಿಟ್ಟು ಉಳಿದ ಮತದಾರರಿಗೆಲ್ಲ ಅಲ್ಲಿ ಮತಪತ್ರ ಅಂಚೆಯಲ್ಲೇ ಬರುತ್ತದೆ. ಮಗಳು ಅದನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಕುಳಿತಳು. ಯಾರಿಗೆ ಮತವೆಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಮೇಲ್ಗಡೆ ರಾಷ್ಟ್ರದ ಸೆನೆಟ್ ಸ್ಥಾನ. ಅದರ ಕೆಳಗೆ ಪ್ರತಿನಿಧಿ ಸಭೆ, ರಾಜ್ಯಪಾಲ, ರಾಜ್ಯದ ಖಜಾಂಚಿ, ಶಾಸಕರು. ಇನ್ನೂ ಕೆಳಗೆ ನ್ಯಾಯಾಧೀಶರು, ಶಾಲಾ ಮಂಡಲಿಯ ಸದಸ್ಯರು. ಅಲ್ಲಿನ ರಾಜ್ಯಪಾಲರು ಜನರಿಂದಲೇ ಆಯ್ಕೆಯಾಗುವವರು. ಅಧಿಕಾರದಲ್ಲಿ ನಮ್ಮ ಮುಖ್ಯಮಂತ್ರಿಗಳನ್ನು ಹೋಲುವವರು. ಸಾಲದೆಂಬಂತೆ, ಕನಿಷ್ಠ ಕೂಲಿಯನ್ನು ಗಂಟೆಗೆ 12 ಡಾಲರಿಗೆ ಏರಿಸಬೇಕೆ ಎಂಬ ಪ್ರಶ್ನೆಯೂ ಸೇರಿ ಮೂರು ಪ್ರಶ್ನೆಗಳು.

ಮೇಲಿನ ಸಾಲುಗಳಲ್ಲಿ ಮತ್ತೊಂದು ಅನುಕೂಲವುಂಟು. ‘ಈ ಅಭ್ಯರ್ಥಿಗಳಲ್ಲಿ ಯಾರೂ ಅಲ್ಲ’ ಎನ್ನುವ ಅವಕಾಶವನ್ನು ನೆವಾಡಾ 1975ರಲ್ಲೇ ಕಾನೂನಿನ ಮೂಲಕ ಒದಗಿಸಿತು. ನಮಗೆ ಅದು ದೊರೆತದ್ದು 2013ರಲ್ಲಿ, ಸರ್ವೋಚ್ಚ ನ್ಯಾಯಾಲಯದ ತೀರ್ಪಿನಿಂದ. ಆ ವರ್ಷ ನೆವಾಡಾದ ಸೆನೆಟ್ ಸ್ಥಾನಕ್ಕೆ ಹಾಗೆ ಒತ್ತಿದವರು 12 ಸಾವಿರಕ್ಕೂ ಹೆಚ್ಚು. ಕ್ಯಾಥರಿನ್ ಕಾರ್ಟೆಜ್ ಮಾಸ್ಟೊ ಗೆದ್ದದ್ದಾದರೋ 7,928 ಮತಗಳ ಅಂತರದಿಂದ! ನವೆಂಬರ್ 8ರ ಮತದಾನದ ಫಲ 12ರ ರಾತ್ರಿಗಷ್ಟೇ ತಿಳಿಯಾಯಿತು. ಇಡೀ ಸೆನೆಟ್ಟಿನ ಹತೋಟಿ ಯಾರದೆಂಬುದು ಆ ಗೆಲುವಿನೊಡನೆ ಖಚಿತವಾಯಿತು.

ಆದರೆ ಮಗಳ ಕೈ ತಡೆದು ನಿಂತದ್ದು ಕೆಳಗಿನ ಸಾಲುಗಳಲ್ಲಿ. ಈ ‘ಯಾರೂ ಅಲ್ಲ’ ಎಂಬ ಅವಕಾಶ ಇಡೀ ರಾಜ್ಯದ ಮತದಾರರು ಆರಿಸುವ ಹುದ್ದೆಗಳಿಗೆ ಮಾತ್ರ. ಶಾಲಾ ಮಂಡಲಿಗೂ ನ್ಯಾಯಾಧೀಶರ ಸ್ಥಾನಕ್ಕೂ ಹೆಸರಿನ ಮುಂದೆ ಪಕ್ಷದ ಗುರುತು ಕೂಡ ಇರುವುದಿಲ್ಲ. ಬರಿಯ ಹೆಸರು, ತಿಳಿದಿದ್ದರೆ ಉಂಟು, ಇಲ್ಲವಾದರೆ ಇಲ್ಲ.

“ಇಷ್ಟು ತಲೆಬಿಸಿ ಏಕಮ್ಮಾ? ಖಾಲಿ ಬಿಟ್ಟರಾಯಿತು” ಎಂದೆ.

“ಮಗು ಕಲಿಯುವ ಶಾಲೆಯನ್ನು ನಡೆಸುವವರು ಇವರೇ ಅಪ್ಪಾ. ಸೆನೆಟರು ನಮ್ಮ ಶಾಲೆಗೆ ಬರುವುದಿಲ್ಲ” ಎಂದವಳು, ಆ ಹೆಸರುಗಳ ಪೂರ್ವಾಪರ ಹುಡುಕುತ್ತ ಅಂದಿನ ಸಂಜೆಯನ್ನೆಲ್ಲ ಕಳೆದಳು.

ಅವಳ ಶ್ರಮ ವ್ಯರ್ಥವಲ್ಲವೆಂದು ಆಮೇಲೆ ನನಗೆ ಹೊಳೆಯಿತು. ಆ ಸಲ ರಾಜ್ಯಪಾಲ ಪದವಿಗೆ ಸೆಣಸಿದ ಇಬ್ಬರು ಪ್ರಮುಖರೂ ಕೆಳಗಿನ ಸಾಲುಗಳಿಂದಲೇ ಮೇಲೇರಿ ಬಂದವರು. ಸೋತ ಸ್ಟೀವ್ ಸಿಸೊಲಾಕ್ ಹಿಂದೆ ಕ್ಲಾರ್ಕ್ ಕೌಂಟಿಯ, ಅಂದರೆ ನಮ್ಮ ಜಿಲ್ಲೆಗೆ ಸಮನಾದ ಪ್ರದೇಶದ, ಆಡಳಿತ ಮಂಡಲಿಯ ಅಧ್ಯಕ್ಷರಾಗಿದ್ದರು. ಗೆದ್ದ ಜೋ ಲೊಂಬಾರ್ಡೊ ಅದೇ ಕೌಂಟಿಯ ಚುನಾಯಿತ ಶೆರೀಫ್. ಮರದ ತುದಿಯಲ್ಲಿ ಹಣ್ಣು ಕಂಡು ಬೆರಗಾಗುವ ನಾವು ಸಸಿ ನೆಟ್ಟ ದಿನ ಎಲ್ಲಿದ್ದೆವು?

“ನಮ್ಮೂರ ವಾರ್ಡಿನ ಸದಸ್ಯರು ಯಾರು ಅಪ್ಪಾ?” ಎಂದು ಮಗಳು ಕೇಳಿದಳು. ದಿಲ್ಲಿಯ ಮಂತ್ರಿಮಂಡಲವನ್ನು ಬಾಯಿಪಾಠ ಒಪ್ಪಿಸಬಲ್ಲ ನಾನು ಸುಮ್ಮನೆ ಕುಳಿತೆ.

ಊರಿಗೆ ಮರಳಿ ವಿಚಾರಿಸಿದೆ. ಅವರ ಮನೆ ನಮ್ಮಿಂದ ಎರಡು ಬೀದಿ ಆಚೆಗೆ.